ಪರಿಧಮನಿಯ ದೀರ್ಘಕಾಲಿಕ ಸಂಪೂರ್ಣ ಅಡಚಣೆ

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಪರಿಧಮನಿಗಳಲ್ಲಿ ಒಂದು ಪೂರ್ತಿಯಾಗಿ ಮುಚ್ಚಿಹೋಗಿ, ಕನಿಷ್ಠ ಮೂರು ತಿಂಗಳ ಕಾಲ ಅದೇ ಸ್ಥಿತಿಯಲ್ಲಿ ಉಳಿದಿರುವುದನ್ನು ಪರಿಧಮನಿಯ ದೀರ್ಘಕಾಲಿಕ ಸಂಪೂರ್ಣ ಅಡಚಣೆ ಎನ್ನುತ್ತಾರೆ. ವೈದ್ಯರ ನಡುವೆ ಇದಕ್ಕೆ ಸಿಟಿಒ ಎಂಬ ಹ್ರಸ್ವರೂಪ ಬಳಕೆಯಲ್ಲಿದೆ. ಜನಸಾಮಾನ್ಯರ ಮಾತಿನಲ್ಲಿ ಇದು 'ನೂರಕ್ಕೆ ನೂರು ಬ್ಲಾಕ್'. ಪರಿಧಮನಿ ಕಾಯಿಲೆಯ ಅತಿ ಮುಂದುವರಿದ ರೂಪಗಳಲ್ಲಿ ಇದೂ ಒಂದು. ಔಷಧಿ, ಬೈಪಾಸ್ ಶಸ್ತ್ರಚಿಕಿತ್ಸೆ ಮತ್ತು ಆಂಜಿಯೋಪ್ಲಾಸ್ಟಿ ಇದರ ಮೂರು ಚಿಕಿತ್ಸಾ ಮಾರ್ಗಗಳು. ಮುಚ್ಚಿದ ನಾಳವನ್ನು ತಂತಿ ಮತ್ತು ಬಲೂನಿನಿಂದ ತೆರೆಯುವುದು ಹೃದ್ರೋಗ ತಜ್ಞರ ಕೆಲಸಗಳಲ್ಲಿ ಅತ್ಯಂತ ಕಠಿಣವಾದವುಗಳ ಸಾಲಿಗೆ ಸೇರುತ್ತದೆ. ಹಾಗೆ ತೆರೆಯುವುದರಿಂದ ಯಾರಿಗೆ, ಎಷ್ಟರಮಟ್ಟಿಗೆ ಉಪಯೋಗವಾಗುತ್ತದೆ ಎಂಬುದು ಹಲವು ದಶಕಗಳಿಂದ ಚರ್ಚೆಯಲ್ಲಿರುವ ವಿಷಯ.

ಹೃದಯಾಘಾತಕ್ಕೂ ಇದಕ್ಕೂ ಇರುವ ವ್ಯತ್ಯಾಸ

ಪರಿಧಮನಿ ಪೂರ್ತಿ ಮುಚ್ಚುವುದು ಎರಡು ಬಗೆಯಲ್ಲಿ ನಡೆಯುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ರೋಗಿಗಳಲ್ಲಿ ಅನಗತ್ಯ ಭಯವೂ ಕೆಲವೊಮ್ಮೆ ಅಪಾಯಕಾರಿ ಉದಾಸೀನವೂ ಹುಟ್ಟುತ್ತವೆ. ನಾಳದ ಒಳಗೋಡೆಯಲ್ಲಿ ಶೇಖರವಾದ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಹಠಾತ್ತಾಗಿ ಮುಚ್ಚಿದರೆ ಅದು ತೀವ್ರ ಹೃದಯಾಘಾತ. ಆಗ ರಕ್ತ ಸಿಗದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುವುದರಿಂದ ಕೂಡಲೇ ನಾಳವನ್ನು ತೆರೆಯಬೇಕು. ತಡವಾದಷ್ಟೂ ನಷ್ಟ ಹೆಚ್ಚು.

ದೀರ್ಘಕಾಲಿಕ ಅಡಚಣೆಯಲ್ಲಿ ಇಂಥ ತುರ್ತು ಇರುವುದಿಲ್ಲ. ನಾಳ ಮುಚ್ಚಿ ತಿಂಗಳುಗಳೇ ಕಳೆದಿರುತ್ತವೆ, ಕೆಲವರಲ್ಲಿ ವರ್ಷಗಳು. ಆ ಭಾಗದ ಸ್ನಾಯು ಒಂದೋ ಹಿಂದೆಯೇ ಗಾಯಗೊಂಡು ಕಲೆಯಾಗಿ ಮಾರ್ಪಟ್ಟಿರುತ್ತದೆ, ಇಲ್ಲವೇ ಬೇರೆ ದಾರಿಯಿಂದ ಬರುವ ರಕ್ತದಲ್ಲಿ ಬದುಕಿರುತ್ತದೆ. ಆದ್ದರಿಂದ ಆಂಜಿಯೋಗ್ರಾಂನಲ್ಲಿ ಇಂಥ ಅಡಚಣೆ ಕಂಡುಬಂದ ಮಾತ್ರಕ್ಕೆ ರೋಗಿಯನ್ನು ಅದೇ ಮೇಜಿನ ಮೇಲೆ, ಅದೇ ಗಳಿಗೆಯಲ್ಲಿ ಚಿಕಿತ್ಸೆಗೆ ಒಳಪಡಿಸಬೇಕಾಗಿಲ್ಲ. ಲಕ್ಷಣಗಳು ಸ್ಥಿರವಾಗಿರುವಾಗ ಯೋಚಿಸಲು, ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲು ಸಮಯವಿರುತ್ತದೆ. ಅದೇ ರೋಗಿಗೆ ವಿಶ್ರಾಂತಿಯಲ್ಲಿದ್ದಾಗಲೂ ಬಿಡದ ಎದೆನೋವು, ಬೆವರು, ಉಸಿರಾಟದ ಕಷ್ಟ ಹೊಸದಾಗಿ ಕಾಣಿಸಿಕೊಂಡರೆ ಮಾತ್ರ ಅದು ಬೇರೆ ಸಂಗತಿ. ಆಗ ತುರ್ತು ಚಿಕಿತ್ಸೆ ಬೇಕು.

ಆಂಜಿಯೋಗ್ರಾಂಗೆ ಒಳಗಾಗಿ ಪರಿಧಮನಿ ಕಾಯಿಲೆ ಇದೆಯೆಂದು ಖಚಿತವಾದವರಲ್ಲಿ ಸುಮಾರು ಐವರಿಂದ ಆರು ಜನರಿಗೆ ಒಬ್ಬರಲ್ಲಿ ಈ ಬಗೆಯ ಅಡಚಣೆ ಇರುತ್ತದೆ. 2012ರಲ್ಲಿ ಪ್ರಕಟವಾದ ಕೆನಡಾದ ಬಹುಕೇಂದ್ರ ದಾಖಲಾತಿಯಲ್ಲಿ ಈ ಪ್ರಮಾಣ ಶೇಕಡ 18ರಷ್ಟಿತ್ತು. ಹಿಂದೆ ಬೈಪಾಸ್ ಮಾಡಿಸಿಕೊಂಡವರಲ್ಲಿ ಅದು ಅರ್ಧಕ್ಕೂ ಹೆಚ್ಚು. ಮೂರು ಮುಖ್ಯ ನಾಳಗಳ ಪೈಕಿ ಬಲ ಪರಿಧಮನಿಯಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ಅಡಚಣೆಯ ಒಳರಚನೆ

ಮುಚ್ಚಿದ ಭಾಗವು ಒಂದೇ ಸಮನಾದ ಗಟ್ಟಿ ವಸ್ತುವಿನಿಂದ ತುಂಬಿರುವುದಿಲ್ಲ. ಎರಡೂ ತುದಿಗಳಲ್ಲಿ ನಾರಿನಂಶದ ಬಿರಡೆಗಳಿದ್ದು, ನಡುವೆ ಹಳೆಯ ಹೆಪ್ಪು, ಕೊಬ್ಬು, ನಾರು ಮತ್ತು ಕ್ಯಾಲ್ಸಿಯಂ ಬೆರೆತಿರುತ್ತವೆ. ರಕ್ತ ಬರುವ ಕಡೆಯ ಬಿರಡೆ ಸಾಮಾನ್ಯವಾಗಿ ಹೆಚ್ಚು ಗಟ್ಟಿ. ಸದಾ ರಕ್ತದೊತ್ತಡದ ಬಡಿತಕ್ಕೆ ಸಿಲುಕುವ ತುದಿ ಅದೇ ಆಗಿರುತ್ತದೆ. ಆಚೆ ತುದಿಯ ಬಿರಡೆ ಬಹುಪಾಲು ಮೆದುವಾಗಿದ್ದು, ಕೊಳವೆಯಂತೆ ಕಿರಿದಾಗುತ್ತಾ ಹೋಗುವುದುಂಟು. ಮುಂದೆ ವಿವರಿಸಿರುವ ಹಿಮ್ಮುಖ ವಿಧಾನಕ್ಕೆ ಈ ವ್ಯತ್ಯಾಸವೇ ಆಧಾರ. ಬೈಪಾಸ್ ಆದವರಲ್ಲಿ ಮಾತ್ರ ಈ ನಿಯಮ ತಪ್ಪಬಹುದು. ಕಸಿಮಾಡಿದ ನಾಳದಿಂದ ಬರುವ ಒತ್ತಡ ಆಚೆ ತುದಿಯನ್ನೂ ಗಟ್ಟಿಮಾಡುತ್ತದೆ, ಕ್ಯಾಲ್ಸಿಯಂ ಶೇಖರಣೆಯೂ ಅವರಲ್ಲಿ ಅಧಿಕ.

ಹಳೆಯ ಹೆಪ್ಪು ಕರಗಿ ನಾರಾಗುವಾಗ ಅದರೊಳಗೆ ಕೂದಲೆಳೆಯಷ್ಟು ಸಣ್ಣ ಹೊಸ ನಾಳಗಳು ಬೆಳೆಯುತ್ತವೆ. ಇವುಗಳ ವ್ಯಾಸ ಸುಮಾರು 100ರಿಂದ 200 ಮೈಕ್ರಾನ್. ಆಂಜಿಯೋಗ್ರಾಂನಲ್ಲಿ ಇವು ಕಾಣುವುದಿಲ್ಲ, ಆದರೆ ಮೊನಚಾದ ಮೃದು ತಂತಿಯೊಂದು ಇವುಗಳ ಜಾಡು ಹಿಡಿದು ದಾಟಿಬಿಡುವುದು ಅಪರೂಪವಲ್ಲ. ಅಡಚಣೆ ಹಳೆಯದಾದಷ್ಟೂ ನಾರು ಮತ್ತು ಕ್ಯಾಲ್ಸಿಯಂ ಹೆಚ್ಚಿ ಕೆಲಸ ಕಷ್ಟವಾಗುತ್ತದೆ.

ಪೂರಕ ರಕ್ತನಾಳಗಳು

ಮುಖ್ಯ ನಾಳ ಮುಚ್ಚಿದರೂ ಆ ಭಾಗದ ಸ್ನಾಯು ಬದುಕಿರಲು ಕಾರಣ ಪೂರಕ ರಕ್ತನಾಳಗಳು. ಪರಿಧಮನಿಗಳ ನಡುವೆ ಅತಿ ಸೂಕ್ಷ್ಮವಾದ ಸಂಪರ್ಕನಾಳಗಳು ಮೊದಲಿನಿಂದಲೂ ಇರುತ್ತವೆ. ಒಂದು ಧಮನಿ ಕಿರಿದಾಗುತ್ತಾ ಬಂದಂತೆ ಅದರ ಆಚೆ ಒತ್ತಡ ಕುಸಿಯುತ್ತದೆ. ಆರೋಗ್ಯವಂತ ಧಮನಿಯ ಕಡೆ ಒತ್ತಡ ಹೆಚ್ಚಿರುವುದರಿಂದ ರಕ್ತ ಈ ಸಣ್ಣ ಸಂಪರ್ಕಗಳ ಮೂಲಕ ನುಗ್ಗುತ್ತದೆ, ಆ ಹರಿವಿನ ಘರ್ಷಣೆಯೇ ಅವುಗಳನ್ನು ವಾರಗಳ ಅವಧಿಯಲ್ಲಿ ಹಿಗ್ಗಿಸಿ ದಪ್ಪಗೋಡೆಯ ನಾಳಗಳನ್ನಾಗಿ ಮಾರ್ಪಡಿಸುತ್ತದೆ. ಹೃದಯದ ಎರಡು ಕುಹರಗಳ ನಡುವಣ ಗೋಡೆಯೊಳಗೆ ಸಾಗುವ ನಾಳಗಳು ಒಂದು ಬಗೆ, ಹೃದಯದ ಹೊರಮೈ ಮೇಲೆ ಸುತ್ತಿ ಬಳಸಿ ಬರುವ ನಾಳಗಳು ಇನ್ನೊಂದು ಬಗೆ. ರಕ್ತ ಕೊಡುವ ಧಮನಿಯನ್ನು ದಾನಿ ಧಮನಿ ಎನ್ನುತ್ತಾರೆ.

ಆಂಜಿಯೋಗ್ರಾಂನಲ್ಲಿ ಪೂರಕ ನಾಳಗಳ ಮೂಲಕ ಮುಚ್ಚಿದ ಧಮನಿ ಎಷ್ಟರಮಟ್ಟಿಗೆ ತುಂಬುತ್ತದೆ ಎಂಬುದನ್ನು ಅಳೆಯಲು 1985ರಲ್ಲಿ ರೆಂಟ್ರಾಪ್ ಮತ್ತು ಸಂಗಡಿಗರು ಸೊನ್ನೆಯಿಂದ ಮೂರರವರೆಗಿನ ಶ್ರೇಣಿಯನ್ನು ಸೂಚಿಸಿದರು, ಅದು ಇಂದಿಗೂ ಬಳಕೆಯಲ್ಲಿದೆ. ಶ್ರೇಣಿ ಮೂರು ಎಂದರೆ ಧಮನಿ ಪೂರ್ತಿಯಾಗಿ ತುಂಬುತ್ತಿದೆ ಎಂದರ್ಥ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಅವಕಾಶವಿದೆ. 'ದೇಹವೇ ಬೈಪಾಸ್ ಮಾಡಿಕೊಂಡಿದೆ' ಎಂಬ ಮಾತು ರೋಗಿಗಳ ಕಿವಿಗೆ ಆಗಾಗ ಬೀಳುತ್ತದೆ. ಇದು ಅರ್ಧ ಸತ್ಯ ಮಾತ್ರ. ಚೆನ್ನಾಗಿ ಬೆಳೆದ ಪೂರಕ ನಾಳಗಳು ವಿಶ್ರಾಂತಿಯಲ್ಲಿರುವ ಹೃದಯಕ್ಕೆ ಸಾಕಾಗುವಷ್ಟು ರಕ್ತ ಕೊಡಬಲ್ಲವು. ಮೆಟ್ಟಿಲು ಹತ್ತುವಾಗ, ಭಾರ ಎತ್ತುವಾಗ ಹೃದಯ ಕೇಳುವಷ್ಟನ್ನು ಕೊಡಲಾರವು. ತಂತಿಯ ತುದಿಯಲ್ಲಿರುವ ಸಂವೇದಕದಿಂದ ಅಡಚಣೆಯ ಆಚೆಗಿನ ಒತ್ತಡ ಅಳೆದು ನೋಡಿದಾಗ, ಪೂರಕ ನಾಳಗಳು ಎಷ್ಟೇ ಸೊಗಸಾಗಿ ಕಂಡರೂ ಹೆಚ್ಚುಕಡಿಮೆ ಎಲ್ಲ ರೋಗಿಗಳಲ್ಲೂ ಆ ಭಾಗಕ್ಕೆ ರಕ್ತದ ಕೊರತೆ ಇರುವುದು ಕಂಡುಬಂದಿದೆ. ಜೊತೆಗೆ ದಾನಿ ಧಮನಿಯಲ್ಲೇ ಮುಂದೆ ಅಡಚಣೆ ಉಂಟಾದರೆ ಹೃದಯದ ಎರಡು ಭಾಗಗಳು ಒಟ್ಟಿಗೆ ಅಪಾಯಕ್ಕೆ ಸಿಲುಕುತ್ತವೆ.

ಲಕ್ಷಣಗಳು ಮತ್ತು ಪತ್ತೆ

ಶ್ರಮಪಟ್ಟಾಗ ಎದೆಯಲ್ಲಿ ಬಿಗಿತ ಅಥವಾ ನೋವು, ಏದುಸಿರು ಮತ್ತು ಬೇಗ ದಣಿಯುವುದು ಮುಖ್ಯ ಲಕ್ಷಣಗಳು. ರೋಗ ನಿಧಾನವಾಗಿ ಬೆಳೆಯುವುದರಿಂದ ಅನೇಕರು ತಮಗೆ ಅರಿವಿಲ್ಲದೆಯೇ ಚಟುವಟಿಕೆ ಕಡಿಮೆ ಮಾಡಿಕೊಂಡಿರುತ್ತಾರೆ. ಮೊದಲು ಎರಡು ಮಹಡಿ ಹತ್ತುತ್ತಿದ್ದವರು ಲಿಫ್ಟ್ ಹಿಡಿಯತೊಡಗಿ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. 'ನೋವು ಇದೆಯೇ' ಎಂಬ ಪ್ರಶ್ನೆಗಿಂತ 'ಕಳೆದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈಗ ಬಿಟ್ಟಿದ್ದೀರಿ' ಎಂಬ ಪ್ರಶ್ನೆ ಇಲ್ಲಿ ಹೆಚ್ಚು ಉಪಯುಕ್ತ. ಗಣನೀಯ ಸಂಖ್ಯೆಯ ರೋಗಿಗಳಿಗೆ ಹಿಂದೆ ಹೃದಯಾಘಾತವಾದ ಇತಿಹಾಸವೇ ಇರುವುದಿಲ್ಲ. ಮೇಲೆ ಹೇಳಿದ ಕೆನಡಾದ ದಾಖಲಾತಿಯಲ್ಲಿ ಅರ್ಧಕ್ಕೂ ಹೆಚ್ಚು ರೋಗಿಗಳ ಎಡ ಕುಹರದ ಕಾರ್ಯಶಕ್ತಿ ಸಹಜವಾಗಿಯೇ ಇತ್ತು.

ಖಚಿತ ಪತ್ತೆಯಾಗುವುದು ಆಂಜಿಯೋಗ್ರಾಂನಿಂದ. ಚಿಕಿತ್ಸೆಯ ಯೋಜನೆಗೆ ಸಾಮಾನ್ಯ ಆಂಜಿಯೋಗ್ರಾಂ ಸಾಲದು. ಬಲ ಮತ್ತು ಎಡ ಪರಿಧಮನಿಗಳೆರಡಕ್ಕೂ ಏಕಕಾಲದಲ್ಲಿ ಡೈ ಹಾಯಿಸಿ ಚಿತ್ರ ತೆಗೆದರೆ ಅಡಚಣೆಯ ಎರಡೂ ತುದಿಗಳು, ಅದರ ನಿಜವಾದ ಉದ್ದ ಮತ್ತು ಪೂರಕ ನಾಳಗಳ ದಾರಿ ಒಟ್ಟಿಗೆ ಗೋಚರಿಸುತ್ತವೆ. ಸಿ.ಟಿ. ಆಂಜಿಯೋಗ್ರಾಂ ಕ್ಯಾಲ್ಸಿಯಂ ಎಲ್ಲೆಲ್ಲಿದೆ, ಕಾಣದ ಭಾಗದಲ್ಲಿ ನಾಳ ಯಾವ ಕಡೆ ತಿರುಗಿದೆ ಎಂಬುದನ್ನು ತೋರಿಸುತ್ತದೆ. ಎಕೋ ಪರೀಕ್ಷೆಯಲ್ಲಿ ಆ ಭಾಗದ ಗೋಡೆ ಚಲಿಸುತ್ತಿಲ್ಲವೆಂದು ಕಂಡರೆ, ಸ್ನಾಯು ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯಲು ಎಂ.ಆರ್.ಐ. ಅಥವಾ ಪೆಟ್ ಸ್ಕ್ಯಾನ್ ನೆರವಾಗುತ್ತದೆ. ಪೂರ್ತಿ ಕಲೆಯಾಗಿರುವ ಸ್ನಾಯುವಿಗೆ ರಕ್ತ ಹರಿಸಿ ಪ್ರಯೋಜನವಿಲ್ಲ.

ಔಷಧಿ ಮತ್ತು ಬೈಪಾಸ್

ಯಾವ ಮಾರ್ಗ ಹಿಡಿದರೂ ಔಷಧಿ ತಪ್ಪುವುದಿಲ್ಲ. ಆಸ್ಪಿರಿನ್ ಮತ್ತು ಸ್ಟ್ಯಾಟಿನ್ ಗುಂಪಿನ ಔಷಧಿಗಳು ಮುಂದಿನ ಹೃದಯಾಘಾತದ ಸಾಧ್ಯತೆಯನ್ನು ತಗ್ಗಿಸುತ್ತವೆ. ಬೀಟಾ ತಡೆಗಳು, ಕ್ಯಾಲ್ಸಿಯಂ ಮಾರ್ಗ ತಡೆಗಳು, ನೈಟ್ರೇಟ್, ನಿಕೊರಾಂಡಿಲ್, ರಾನೊಲಜೀನ್ ಮೊದಲಾದವು ಎದೆನೋವನ್ನು ಹತೋಟಿಯಲ್ಲಿಡುತ್ತವೆ. ರಕ್ತದೊತ್ತಡ ಮತ್ತು ಮಧುಮೇಹದ ನಿಯಂತ್ರಣ, ತಂಬಾಕು ತ್ಯಜಿಸುವುದು ಇದರ ಭಾಗವೇ. ಔಷಧಿಯಿಂದಲೇ ಲಕ್ಷಣಗಳು ಶಮನವಾದ ರೋಗಿಗೆ ನಾಳ ತೆರೆಸಿಕೊಳ್ಳುವ ಒತ್ತಾಯವಿಲ್ಲ.

ಎಡ ಪರಿಧಮನಿಯ ಮೂಲಕಾಂಡದಲ್ಲಿ ಕಾಯಿಲೆ ಇದ್ದಾಗ, ಮೂರೂ ನಾಳಗಳಲ್ಲಿ ತೀವ್ರ ಅಡಚಣೆ ಇದ್ದಾಗ, ಅದರಲ್ಲೂ ಮಧುಮೇಹಿಗಳಲ್ಲಿ, ಬೈಪಾಸ್ ಶಸ್ತ್ರಚಿಕಿತ್ಸೆಗೆ ಆದ್ಯತೆ ದೊರೆಯುತ್ತದೆ. ಶಸ್ತ್ರವೈದ್ಯರು ಅಡಚಣೆಯನ್ನು ಮುಟ್ಟುವುದೇ ಇಲ್ಲ. ಎದೆಗೋಡೆಯ ಒಳಗಿನ ಧಮನಿಯನ್ನೋ ಕಾಲಿನ ಅಭಿಧಮನಿಯನ್ನೋ ಅಡಚಣೆಯ ಆಚೆಗೆ ಜೋಡಿಸುತ್ತಾರೆ. ಆದ್ದರಿಂದ ತಂತಿ ಹಿಡಿದವರಿಗೆ ದೊಡ್ಡ ಸಮಸ್ಯೆಯಾದ ಬಿರಡೆಯ ಗಟ್ಟಿತನ ಅವರಿಗೆ ಲೆಕ್ಕಕ್ಕಿಲ್ಲ. ಅಡಚಣೆಯ ಆಚೆಗಿನ ನಾಳ ತೀರಾ ಸಣ್ಣದಾಗಿದ್ದರೆ ಅಥವಾ ಅಲ್ಲೂ ಕಾಯಿಲೆ ಹರಡಿದ್ದರೆ ಮಾತ್ರ ಜೋಡಿಸುವುದು ಕಷ್ಟ.

ಆಂಜಿಯೋಪ್ಲಾಸ್ಟಿಯ ಬೆಳವಣಿಗೆ

ಆಂಡ್ರಿಯಾಸ್ ಗ್ರುಂಟ್ಸಿಗ್ 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಮನುಷ್ಯರ ಪರಿಧಮನಿಯ ಮೇಲೆ ಮೊದಲ ಬಲೂನ್ ಆಂಜಿಯೋಪ್ಲಾಸ್ಟಿ ನಡೆಸಿದರು. ಆರಂಭದ ದಿನಗಳಲ್ಲಿ ಪೂರ್ತಿ ಮುಚ್ಚದ, ಚಿಕ್ಕದಾದ, ಸುಲಭವಾಗಿ ತಲುಪಬಹುದಾದ ಸಂಕುಚನಗಳನ್ನಷ್ಟೇ ಈ ಚಿಕಿತ್ಸೆಗೆ ಆರಿಸಿಕೊಳ್ಳಲಾಗುತ್ತಿತ್ತು. 1980ರ ದಶಕದಲ್ಲಿ ಸಂಪೂರ್ಣ ಅಡಚಣೆಗಳನ್ನೂ ತೆರೆಯುವ ಪ್ರಯತ್ನಗಳು ಶುರುವಾದವು. ಅನೇಕ ಸಲ ತಂತಿ ದಾಟುತ್ತಲೇ ಇರಲಿಲ್ಲ, ದಾಟಿದರೂ ತೆರೆದ ನಾಳ ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಎರಡನೆಯ ತೊಂದರೆ ಸ್ಟೆಂಟ್‌ಗಳಿಂದ ತಗ್ಗಿತು. ಬಲೂನ್ ಒಂದನ್ನೇ ಬಳಸಿದವರನ್ನೂ ಸ್ಟೆಂಟ್ ಅಳವಡಿಸಿಕೊಂಡವರನ್ನೂ ಹೋಲಿಸಿ 1996ರಲ್ಲಿ ನಾರ್ವೆಯಿಂದ ಪ್ರಕಟವಾದ ಸಿಕ್ಕೊ ಅಧ್ಯಯನದಲ್ಲಿ ಮರುಸಂಕುಚನದ ಪ್ರಮಾಣ ಶೇಕಡ 74ರಿಂದ 32ಕ್ಕೆ ಇಳಿದಿತ್ತು. ಔಷಧಿಲೇಪಿತ ಸ್ಟೆಂಟ್‌ಗಳು ಬಂದ ಮೇಲೆ ಅದು ಇನ್ನೂ ಕಡಿಮೆಯಾಯಿತು. 2006ರ ಪ್ರಿಸನ್ 2 ಅಧ್ಯಯನದಲ್ಲಿ ಬರಿಲೋಹದ ಸ್ಟೆಂಟ್ ಪಡೆದವರಲ್ಲಿ ಶೇಕಡ 41ರಷ್ಟಿದ್ದ ಮರುಸಂಕುಚನ, ಸಿರೋಲಿಮಸ್ ಲೇಪಿತ ಸ್ಟೆಂಟ್ ಪಡೆದವರಲ್ಲಿ ಶೇಕಡ 11ರಷ್ಟಿತ್ತು.

ಮೊದಲನೆಯ ತೊಂದರೆಗೆ, ಅಂದರೆ ದಾಟುವ ಕೆಲಸಕ್ಕೆ, ಹೆಚ್ಚಿನ ಕೊಡುಗೆ ಜಪಾನಿನದು. ವಿಶೇಷ ತಂತಿಗಳೂ ಸೂಕ್ಷ್ಮನಳಿಕೆಗಳೂ ಅಲ್ಲಿಂದಲೇ ಬಂದವು. ಟೊಯೊಹಾಶಿಯ ಹೃದಯ ಕೇಂದ್ರದ ಒಸಾಮು ಕಾಟೊ ಮತ್ತು ಸಹೋದ್ಯೋಗಿಗಳು ಎರಡೂ ಕಡೆಯಿಂದ ಏಕಕಾಲದಲ್ಲಿ ಅಡಚಣೆಯನ್ನು ಸಮೀಪಿಸುವ ಕಾರ್ಟ್ ವಿಧಾನವನ್ನು 2006ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1990ರಲ್ಲಿ, ಅಮೆರಿಕದ ಕಾನ್ ಮತ್ತು ಹಾರ್ಟ್ಸ್ಲರ್ ಬೈಪಾಸ್ ನಾಳದ ಮೂಲಕ ಹಿಂದಿನಿಂದ ಪ್ರವೇಶಿಸಿದ ಪ್ರಕರಣಗಳನ್ನು ವರದಿ ಮಾಡಿದ್ದರು. ಇಟಲಿಯ ಆಂಟೋನಿಯೊ ಕೊಲಂಬೊ 2005ರಲ್ಲಿ ನಾಳದ ಗೋಡೆಯ ಪದರಗಳ ನಡುವೆ ತಂತಿ ನುಗ್ಗಿಸಿ ಮುಂದೆ ಮರುಪ್ರವೇಶಿಸುವ ಸ್ಟಾರ್ ವಿಧಾನವನ್ನು ವಿವರಿಸಿದರು. ಈ ಬಿಡಿಬಿಡಿ ವಿಧಾನಗಳನ್ನೆಲ್ಲ ಒಂದೇ ನಿರ್ಧಾರಕ್ರಮದೊಳಗೆ ತಂದದ್ದು ಅಮೆರಿಕದ ತಜ್ಞರು 2012ರಲ್ಲಿ ಮುಂದಿಟ್ಟ ಹೈಬ್ರಿಡ್ ಕ್ರಮ.

ನಾಳವನ್ನು ದಾಟುವ ವಿಧಾನಗಳು

ಕೆಲಸ ಆರಂಭಿಸುವ ಮುನ್ನ ಅಡಚಣೆಯ ಕಷ್ಟವನ್ನು ಅಂದಾಜು ಮಾಡಲಾಗುತ್ತದೆ. 2011ರಲ್ಲಿ ಪ್ರಕಟವಾದ ಜಪಾನಿನ ಜೆ-ಸಿಟಿಒ ಅಂಕಪದ್ಧತಿ ಇದಕ್ಕೆ ಬಹಳವಾಗಿ ಬಳಕೆಯಾಗುತ್ತದೆ. ಕ್ಯಾಲ್ಸಿಯಂ ಇರುವುದು, ಮುಚ್ಚಿದ ಭಾಗ 45 ಡಿಗ್ರಿಗಿಂತ ಹೆಚ್ಚು ಬಾಗಿರುವುದು, ಆರಂಭದ ತುದಿ ಮೊಂಡಾಗಿರುವುದು, ಉದ್ದ 20 ಮಿಲಿಮೀಟರ್ ಅಥವಾ ಹೆಚ್ಚು ಇರುವುದು, ಹಿಂದೆ ಒಮ್ಮೆ ಪ್ರಯತ್ನಿಸಿ ವಿಫಲವಾಗಿರುವುದು ಎಂಬ ಐದರಲ್ಲಿ ಪ್ರತಿಯೊಂದಕ್ಕೂ ಒಂದು ಅಂಕ. ಸೊನ್ನೆ ಬಂದರೆ ಸುಲಭ, ಮೂರು ಮತ್ತು ಮೇಲ್ಪಟ್ಟು ಬಂದರೆ ಅತಿ ಕಠಿಣ. ತಂತಿ 30 ನಿಮಿಷಗಳೊಳಗೆ ದಾಟೀತೇ ಎಂಬುದನ್ನು ಊಹಿಸುವುದು ಈ ಪದ್ಧತಿಯ ಮೂಲ ಉದ್ದೇಶ. ಚಿಕಿತ್ಸೆಯಿಂದ ರೋಗಿಗೆ ಒಳಿತಾಗುತ್ತದೆಯೇ ಎಂಬುದನ್ನು ಇದು ಹೇಳುವುದಿಲ್ಲ.

ಮಣಿಕಟ್ಟು ಅಥವಾ ತೊಡೆಸಂದಿಯ ಧಮನಿಗಳ ಮೂಲಕ ಸಾಮಾನ್ಯವಾಗಿ ಎರಡು ಕ್ಯಾತಿಟರ್‌ಗಳನ್ನು ಹೃದಯದವರೆಗೆ ತರಲಾಗುತ್ತದೆ, ಒಂದು ಮುಚ್ಚಿದ ಧಮನಿಗೆ, ಇನ್ನೊಂದು ದಾನಿ ಧಮನಿಗೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಅದರ ಪರಿಣಾಮವನ್ನು ಪದೇಪದೇ ಪರೀಕ್ಷಿಸುತ್ತಾರೆ. ತಂತಿಗಳ ದಪ್ಪ 0.014 ಇಂಚು. ಕೆಲವು ವಿಶೇಷ ತಂತಿಗಳ ತುದಿ 0.009 ಇಂಚಿನವರೆಗೆ ಮೊನಚಾಗಿರುತ್ತದೆ. ತುದಿಯ ಗಡಸುತನವನ್ನು ಗ್ರಾಂಗಳಲ್ಲಿ ಹೇಳುವುದು ವಾಡಿಕೆ. ಮೃದು ತಂತಿಗೆ ಒಂದು ಗ್ರಾಂ ಅಥವಾ ಕಡಿಮೆ, ಗಟ್ಟಿ ತಂತಿಗೆ 12 ಗ್ರಾಂ ಮತ್ತು ಅದಕ್ಕೂ ಮೀರಿ. ತಂತಿಗೆ ಬೆನ್ನೆಲುಬಾಗಿ ಸೂಕ್ಷ್ಮನಳಿಕೆಯೊಂದು ಜೊತೆಯಲ್ಲೇ ಸಾಗುತ್ತದೆ. ಅದು ತಂತಿಯ ತುದಿಗೆ ಬಲ ತುಂಬುವುದಲ್ಲದೆ, ಪಡೆದ ಸ್ಥಾನ ಕೈತಪ್ಪದಂತೆ ತಂತಿಗಳನ್ನು ಬದಲಿಸಲು ದಾರಿ ಉಳಿಸಿಕೊಡುತ್ತದೆ.

ರಕ್ತ ಹರಿಯುವ ದಿಕ್ಕಿನಲ್ಲೇ ಮುಂದುವರಿಯುವ ಮುಮ್ಮುಖ ವಿಧಾನ ಎಲ್ಲಕ್ಕಿಂತ ಸರಳ. ಮೊದಲು ಮೃದುವಾದ ಮೊನಚು ತಂತಿಯಿಂದ ಸೂಕ್ಷ್ಮ ನಾಳಗಳ ಜಾಡು ಹುಡುಕಿ, ಅದು ಫಲಿಸದಿದ್ದರೆ ಹಂತಹಂತವಾಗಿ ಗಡಸು ತಂತಿಗಳಿಗೆ ಹೋಗುತ್ತಾರೆ. ಗಡಸು ತಂತಿ ಬಿರಡೆಯನ್ನು ಚುಚ್ಚಬಲ್ಲದು, ಹಾಗೆಯೇ ಧಮನಿಯ ಗೋಡೆಯನ್ನೂ ಚುಚ್ಚಬಲ್ಲದು. ಆದುದರಿಂದ ಬಿರಡೆ ದಾಟಿದ ಕೂಡಲೇ ಮತ್ತೆ ಮೃದು ತಂತಿಗೆ ಇಳಿಯುವುದು ಜಾಣತನ.

ಅಡಚಣೆ ಉದ್ದವಾಗಿದ್ದರೆ ತಂತಿ ಬಹಳ ಸಲ ಟೊಳ್ಳನ್ನು ಬಿಟ್ಟು ಗೋಡೆಯ ಪದರಗಳ ನಡುವೆ ಜಾರಿಬಿಡುತ್ತದೆ. ಹಿಂದೆ ಇದನ್ನು ಸೋಲೆಂದು ಎಣಿಸುತ್ತಿದ್ದರು. ಈಗ ಅದನ್ನೇ ಉಪಾಯವಾಗಿ ಬಳಸಲಾಗುತ್ತದೆ: ಪದರಗಳ ನಡುವೆಯೇ ಅಡಚಣೆಯನ್ನು ಬಳಸಿ ಹೋಗಿ, ಆಚೆ ತುದಿಯಲ್ಲಿ ನಿಜವಾದ ಟೊಳ್ಳಿನೊಳಕ್ಕೆ ಮರುಪ್ರವೇಶಿಸುವುದು. ಚಪ್ಪಟೆಯಾದ ಸ್ಟಿಂಗ್‌ರೇ ಬಲೂನ್ ಈ ಮರುಪ್ರವೇಶಕ್ಕಾಗಿಯೇ ರೂಪುಗೊಂಡ ಸಾಧನ. ಪದರಗಳ ನಡುವೆ ಸೀಳು ಉದ್ದವಾದಷ್ಟೂ ಕವಲು ನಾಳಗಳು ಮುಚ್ಚುವ ಮತ್ತು ಸ್ಟೆಂಟ್ ಮುಂದೆ ಮುಚ್ಚಿಕೊಳ್ಳುವ ಸಂಭವ ಹೆಚ್ಚು. ಆದಷ್ಟು ಬೇಗ ಮರುಪ್ರವೇಶಿಸಬೇಕೆಂಬ ನಿಯಮ ಬಂದದ್ದು ಈ ಕಾರಣದಿಂದ.

ಹಿಮ್ಮುಖ ವಿಧಾನದಲ್ಲಿ ತಂತಿ ದಾನಿ ಧಮನಿಯೊಳಗೆ ಹೊರಟು, ಪೂರಕ ನಾಳದ ಮೂಲಕ ಹೃದಯದ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿ, ಅಡಚಣೆಯ ಮೆದು ತುದಿಯನ್ನು ಹಿಂದಿನಿಂದ ತಲುಪುತ್ತದೆ. ಕೆಲವೊಮ್ಮೆ ಅದು ನೇರವಾಗಿ ದಾಟಿಬಿಡುತ್ತದೆ. ಇಲ್ಲದಿದ್ದರೆ ಎದುರಿನಿಂದ ಬಂದ ತಂತಿಯ ಮೇಲೆ ಬಲೂನ್ ಹಿಗ್ಗಿಸಿ ಪದರಗಳ ನಡುವೆ ಜಾಗ ಮಾಡಿ, ಹಿಂದಿನ ತಂತಿಯನ್ನು ಅದರೊಳಗೆ ಸೇರಿಸುತ್ತಾರೆ. ಕಾರ್ಟ್ ವಿಧಾನವನ್ನು ತಿರುವುಮುರುವು ಮಾಡಿದ ಈ ರೂಪವೇ ಇಂದು ಹೆಚ್ಚು ಪ್ರಚಲಿತ. ಆಮೇಲೆ ಮೂರು ಮೀಟರಿಗೂ ಉದ್ದವಾದ ತಂತಿಯೊಂದು ಒಂದು ಕ್ಯಾತಿಟರ್‌ನಿಂದ ಒಳಹೋಗಿ ಹೃದಯವನ್ನು ಸುತ್ತಿ ಇನ್ನೊಂದರಿಂದ ಹೊರಬರುತ್ತದೆ. ಅದರ ಮೇಲೆ ಬಲೂನ್ ಮತ್ತು ಸ್ಟೆಂಟ್‌ಗಳು ಸಲೀಸಾಗಿ ಸಾಗುತ್ತವೆ. ಕುಹರಗಳ ನಡುವಣ ಗೋಡೆಯ ನಾಳಗಳು ಈ ದಾರಿಗೆ ಹೆಚ್ಚು ಸುರಕ್ಷಿತ. ಅವುಗಳಲ್ಲಿ ರಂಧ್ರವಾದರೂ ರಕ್ತ ಸಾಮಾನ್ಯವಾಗಿ ಸ್ನಾಯುವಿನೊಳಗೇ ತಡೆದು ನಿಲ್ಲುತ್ತದೆ. ಹೊರಮೈ ನಾಳ ಹರಿದರೆ ರಕ್ತ ನೇರವಾಗಿ ಹೃದಯಾವರಣಕ್ಕೆ ಸುರಿಯುತ್ತದೆ.

ಹೈಬ್ರಿಡ್ ಕ್ರಮದ ತಿರುಳು ಒಂದೇ ವಿಧಾನಕ್ಕೆ ಜೋತುಬೀಳದಿರುವುದು. ಒಂದು ದಾರಿಯಲ್ಲಿ ಪ್ರಗತಿ ನಿಂತ ಕೂಡಲೇ ಇನ್ನೊಂದಕ್ಕೆ ಹೊರಳುವುದರಿಂದ ಸಮಯ, ಡೈ ಮತ್ತು ವಿಕಿರಣ ಮೂರೂ ಉಳಿಯುತ್ತವೆ. ದಾಟಿದ ನಂತರ ನಾಳದೊಳಗಿನ ಅಲ್ಟ್ರಾಸೌಂಡ್‌ನಿಂದ ಅಳತೆ ತೆಗೆದು ಸ್ಟೆಂಟ್ ಕೂರಿಸುವುದು ಒಳ್ಳೆಯ ರೂಢಿ. ಬಹುಕಾಲ ರಕ್ತ ಕಾಣದ ನಾಳ ಕುಗ್ಗಿರುವುದರಿಂದ ಬರಿಗಣ್ಣಿನ ಅಂದಾಜು ತಪ್ಪುವುದೇ ಹೆಚ್ಚು.

ತೊಡಕುಗಳು

ಅನುಭವಿ ಕೇಂದ್ರಗಳಲ್ಲಿ ಯಶಸ್ಸಿನ ಪ್ರಮಾಣ ಶೇಕಡ 85ರಿಂದ 90. ಇಂಥ ಪ್ರಕರಣಗಳನ್ನು ಅಪರೂಪಕ್ಕೆ ಕೈಗೆತ್ತಿಕೊಳ್ಳುವ ಕಡೆ ಅದು ಬಹಳ ಕಡಿಮೆ. ಹಾಗೆಂದು ಅನುಭವಿಗಳ ಕೈಯಲ್ಲೂ ಇದು ಸಾಧಾರಣ ಆಂಜಿಯೋಪ್ಲಾಸ್ಟಿಗಿಂತ ಹೆಚ್ಚು ಅಪಾಯದ ಕೆಲಸವೇ. ಎಲ್ಲಕ್ಕಿಂತ ಹೆಚ್ಚು ಅಂಜಿಕೆಯ ತೊಡಕು ಧಮನಿಯಲ್ಲಿ ರಂಧ್ರವಾಗುವುದು. ಹೃದಯಾವರಣದಲ್ಲಿ ರಕ್ತ ತುಂಬಿ ಹೃದಯವನ್ನು ಅದುಮಿದರೆ ಸೂಜಿಯಿಂದ ಅದನ್ನು ಹೊರತೆಗೆಯಬೇಕಾಗುತ್ತದೆ. ರಂಧ್ರವನ್ನು ಬಲೂನ್ ಒತ್ತಿಹಿಡಿದು, ಹೊದಿಕೆಯುಳ್ಳ ಸ್ಟೆಂಟ್ ಇಟ್ಟು, ಸಣ್ಣ ನಾಳವಾದರೆ ಲೋಹದ ಸುರುಳಿಯನ್ನೋ ರೋಗಿಯದೇ ಕೊಬ್ಬಿನ ಕಣವನ್ನೋ ತುಂಬಿ ಮುಚ್ಚುತ್ತಾರೆ. ಹಿಮ್ಮುಖ ವಿಧಾನದಲ್ಲಿ ದಾನಿ ಧಮನಿಗೆ ಗಾಯವಾದರೆ ಅಥವಾ ಅದರಲ್ಲಿ ಹೆಪ್ಪುಗಟ್ಟಿದರೆ ಹೃದಯದ ದೊಡ್ಡ ಭಾಗವೇ ಒಮ್ಮೆಗೇ ರಕ್ತಹೀನವಾಗುತ್ತದೆ.

ಡೈಯಿಂದ ಮೂತ್ರಪಿಂಡಗಳಿಗೆ ಹಾನಿಯಾಗುವ ಸಂಭವ, ಮುಖ್ಯವಾಗಿ ಮಧುಮೇಹಿಗಳಲ್ಲೂ ಈಗಾಗಲೇ ಮೂತ್ರಪಿಂಡದ ತೊಂದರೆ ಇರುವವರಲ್ಲೂ ಇದೆ. ಗಂಟೆಗಟ್ಟಲೆ ನಡೆಯುವ ಪ್ರಕ್ರಿಯೆಯಲ್ಲಿ ಎಕ್ಸರೇ ವಿಕಿರಣ ಒಂದೇ ಜಾಗದ ಚರ್ಮಕ್ಕೆ ಬೀಳುತ್ತಿದ್ದರೆ ಅಲ್ಲಿ ಸುಟ್ಟಗಾಯದಂಥ ಹುಣ್ಣಾಗಬಹುದು. ಅದು ಬೆನ್ನಿನ ಮೇಲೆ, ವಾರಗಳ ನಂತರ ಕಾಣಿಸಿಕೊಳ್ಳುವುದರಿಂದ ಚರ್ಮವೈದ್ಯರ ಬಳಿ ಹೋದ ರೋಗಿ ಹೃದಯದ ಚಿಕಿತ್ಸೆಯ ವಿಷಯವನ್ನೇ ಹೇಳದೆ ಇರುವುದುಂಟು. ವಿಕಿರಣದ ಪ್ರಮಾಣ 5 ಗ್ರೇ ದಾಟಿದವರನ್ನು ಈ ಕಾರಣಕ್ಕಾಗಿ ಮತ್ತೆ ಕರೆಸಿ ಪರೀಕ್ಷಿಸುವ ರೂಢಿಯಿದೆ. ಕೆಲಸ ಮುಗಿಯದಿದ್ದರೂ ಒಂದು ಹಂತದಲ್ಲಿ ನಿಲ್ಲಿಸಿ, ಕೆಲವು ವಾರಗಳ ನಂತರ ಮತ್ತೆ ಪ್ರಯತ್ನಿಸುವುದು ವೈಫಲ್ಯವೆಂದು ಈಗ ಪರಿಗಣಿತವಾಗುವುದಿಲ್ಲ.

ಅಧ್ಯಯನಗಳು ಮತ್ತು ಚಿಕಿತ್ಸೆಯ ನಿರ್ಧಾರ

ಮುಚ್ಚಿದ ನಾಳ ತೆರೆದವರು ತೆರೆಯದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆಂದು ಹಳೆಯ ದಾಖಲಾತಿಗಳು ಸೂಚಿಸಿದ್ದವು. ಅವುಗಳಲ್ಲಿ ಹೋಲಿಕೆಯಾಗಿದ್ದುದು ಯಶಸ್ವಿಯಾದವರು ಮತ್ತು ವಿಫಲರಾದವರ ನಡುವೆ. ವಿಫಲರಾದವರ ಕಾಯಿಲೆ ಮೊದಲೇ ಹೆಚ್ಚು ಮುಂದುವರಿದಿದ್ದರೆ ಆ ವ್ಯತ್ಯಾಸಕ್ಕೆ ಚಿಕಿತ್ಸೆಯೇ ಕಾರಣವೆನ್ನಲಾಗದು. ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿದ ಅಧ್ಯಯನಗಳು ಬೇರೆಯ ಚಿತ್ರ ಕೊಟ್ಟವು.

ಹೃದಯಾಘಾತವಾಗಿ 3ರಿಂದ 28 ದಿನಗಳ ನಂತರವೂ ಮುಚ್ಚಿಯೇ ಇದ್ದ ನಾಳವನ್ನು ತೆರೆಯುವುದರಿಂದ ಸಾವು, ಮರು ಹೃದಯಾಘಾತ ಅಥವಾ ಹೃದಯ ವೈಫಲ್ಯ ಕಡಿಮೆಯಾಗುವುದಿಲ್ಲವೆಂದು 2,166 ರೋಗಿಗಳ ಓಟ್ ಅಧ್ಯಯನ 2006ರಲ್ಲಿ ತೋರಿಸಿತು. ಇದು ದೀರ್ಘಕಾಲಿಕ ಅಡಚಣೆಯ ಅಧ್ಯಯನವಲ್ಲವಾದರೂ, 'ತೆರೆದ ನಾಳ ಯಾವಾಗಲೂ ಒಳ್ಳೆಯದು' ಎಂಬ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟಿತು. 2016ರ ಎಕ್ಸ್‌ಪ್ಲೋರ್ ಅಧ್ಯಯನದಲ್ಲಿ, ತೀವ್ರ ಹೃದಯಾಘಾತಕ್ಕೆ ಚಿಕಿತ್ಸೆ ಪಡೆದ 304 ರೋಗಿಗಳ ಇನ್ನೊಂದು ನಾಳದಲ್ಲಿದ್ದ ಹಳೆಯ ಅಡಚಣೆಯನ್ನು ಬೇಗನೆ ತೆರೆದುದರಿಂದ ನಾಲ್ಕು ತಿಂಗಳ ಬಳಿಕ ಹೃದಯದ ಪಂಪ್ ಶಕ್ತಿಯಲ್ಲಿ ಒಟ್ಟಾರೆ ವ್ಯತ್ಯಾಸವಾಗಲಿಲ್ಲ.

2018ರಲ್ಲಿ ಪ್ರಕಟವಾದ ಯುರೋ-ಸಿಟಿಒ ಅಧ್ಯಯನ ಲಕ್ಷಣಗಳನ್ನೇ ಅಳೆಯಿತು. 396 ರೋಗಿಗಳಲ್ಲಿ ಆಂಜಿಯೋಪ್ಲಾಸ್ಟಿ ಪಡೆದವರ ಎದೆನೋವು ಮತ್ತು ಜೀವನದ ಗುಣಮಟ್ಟ 12 ತಿಂಗಳ ಕೊನೆಗೆ ಹೆಚ್ಚು ಸುಧಾರಿಸಿತ್ತು. ಎದೆನೋವಿನಿಂದ ಪೂರ್ತಿ ಮುಕ್ತರಾದವರು ಆ ಗುಂಪಿನಲ್ಲಿ ಶೇಕಡ 71.6, ಔಷಧಿ ಮಾತ್ರ ಪಡೆದ ಗುಂಪಿನಲ್ಲಿ ಶೇಕಡ 57.8. ಎರಡನೆಯ ಅಂಕಿಯೂ ಗಮನಾರ್ಹ, ಸರಿಯಾದ ಔಷಧಿಯಿಂದಲೇ ಅರ್ಧಕ್ಕೂ ಹೆಚ್ಚು ಜನ ನೋವಿನಿಂದ ಪಾರಾಗಿದ್ದರು. ಎಂಟುನೂರಕ್ಕೂ ಹೆಚ್ಚು ರೋಗಿಗಳಿದ್ದ, ಕೊರಿಯಾ ನೇತೃತ್ವದ ಡಿಸಿಷನ್-ಸಿಟಿಒ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಾವು, ಹೃದಯಾಘಾತ, ಪಾರ್ಶ್ವವಾಯು ಮತ್ತು ಮರುಚಿಕಿತ್ಸೆಗಳ ಒಟ್ಟು ಪ್ರಮಾಣದಲ್ಲಿ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮನಾಗಿದ್ದವು. ಆದರೆ ಆ ಅಧ್ಯಯನ ಉದ್ದೇಶಿತ ಸಂಖ್ಯೆ ತಲುಪುವ ಮೊದಲೇ ನಿಂತಿತು, ಔಷಧಿ ಗುಂಪಿಗೆ ಸೇರಿದ್ದ ಸುಮಾರು ಐದರಲ್ಲಿ ಒಬ್ಬರು ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡಿದ್ದರು. ಹೀಗಾಗಿ ಅದನ್ನು ಅಂತಿಮ ತೀರ್ಪೆಂದು ಎಲ್ಲರೂ ಒಪ್ಪಿಲ್ಲ.

ಯುರೋಪಿನಲ್ಲೂ ಅಮೆರಿಕದಲ್ಲೂ ಮಾರ್ಗಸೂಚಿಗಳ ಒತ್ತು ಈ ಕಾರಣದಿಂದ ಬೇರೆಬೇರೆಯಾಗಿದೆ. ಔಷಧಿಗೆ ಬಗ್ಗದ ಎದೆನೋವು ಅಥವಾ ಸ್ನಾಯುವಿನ ವಿಶಾಲ ಭಾಗದಲ್ಲಿ ರಕ್ತದ ಕೊರತೆ ಇದ್ದಾಗ ಆಂಜಿಯೋಪ್ಲಾಸ್ಟಿಯನ್ನು ಪರಿಗಣಿಸಬೇಕೆಂದು 2018ರ ಯುರೋಪಿನ ಮಾರ್ಗಸೂಚಿ ಹೇಳಿದೆ. 2021ರ ಅಮೆರಿಕದ ಮಾರ್ಗಸೂಚಿ ಇನ್ನೂ ಹಿಂಜರಿದು, ಲಕ್ಷಣಗಳ ಸುಧಾರಣೆಗೂ ಅದರ ಪ್ರಯೋಜನ ಅನಿಶ್ಚಿತವೆಂದು ದುರ್ಬಲ ಶಿಫಾರಸನ್ನಷ್ಟೇ ಕೊಟ್ಟಿದೆ. 2019ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಪ್ರಕಟಿಸಿದ ಮಾರ್ಗದರ್ಶಿ ತತ್ವಗಳಲ್ಲಿ ಮೊದಲನೆಯದು, ಈ ಚಿಕಿತ್ಸೆಯ ಮುಖ್ಯ ಉದ್ದೇಶ ಲಕ್ಷಣಗಳ ಪರಿಹಾರ ಎಂಬುದು. ಆಯುಷ್ಯ ಹೆಚ್ಚುತ್ತದೆಂಬ ಭರವಸೆ ಅಲ್ಲಿಲ್ಲ. ಆದುದರಿಂದ ಲಕ್ಷಣಗಳೇ ಇಲ್ಲದ, ರಕ್ತದ ಕೊರತೆಯೂ ಅಲ್ಪವಾಗಿರುವ ರೋಗಿಯಲ್ಲಿ ಅಡಚಣೆ ಕಂಡಿತೆಂಬ ಒಂದೇ ಕಾರಣಕ್ಕೆ ತಂತಿ ಹಾಕುವುದನ್ನು ಇಂದಿನ ಆಧಾರಗಳು ಸಮರ್ಥಿಸುವುದಿಲ್ಲ.

ಚಿಕಿತ್ಸೆಯ ನಂತರ

ಸ್ಟೆಂಟ್ ಅಳವಡಿಸಿದ ಬಳಿಕ ಆಸ್ಪಿರಿನ್ ಜೊತೆಗೆ ಕ್ಲೋಪಿಡೊಗ್ರೆಲ್‌ನಂಥ ಇನ್ನೊಂದು ಹೆಪ್ಪುನಿರೋಧಕವನ್ನು ಸಾಮಾನ್ಯವಾಗಿ 6ರಿಂದ 12 ತಿಂಗಳ ಕಾಲ ಸೇವಿಸಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಒಳಗೆ ಹಠಾತ್ತಾಗಿ ಹೆಪ್ಪುಗಟ್ಟುವ ಅಪಾಯವಿದೆ. ನಾಳ ತೆರೆದ ಮೇಲೆ ಒತ್ತಡದ ವ್ಯತ್ಯಾಸ ಇಲ್ಲವಾಗುವುದರಿಂದ ಪೂರಕ ನಾಳಗಳು ಬೇಗನೆ ಕುಗ್ಗುತ್ತವೆ. ಆದುದರಿಂದ ಮೊದಲು ಮೌನವಾಗಿ ಮುಚ್ಚಿದ್ದ ಅದೇ ನಾಳ ಮುಂದೆ ಸ್ಟೆಂಟ್‌ನಲ್ಲಿ ಥಟ್ಟನೆ ಮುಚ್ಚಿದರೆ ಹೃದಯಾಘಾತವಾಗಬಹುದು.

ಭಾರತದಲ್ಲಿ ವೆಚ್ಚ

ಭಾರತದ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಫೆಬ್ರವರಿಯಲ್ಲಿ ಸ್ಟೆಂಟ್‌ಗಳ ಗರಿಷ್ಠ ಬೆಲೆಯನ್ನು ಬರಿಲೋಹದ್ದಕ್ಕೆ 7,260 ರೂಪಾಯಿ, ಔಷಧಿಲೇಪಿತದ್ದಕ್ಕೆ 29,600 ರೂಪಾಯಿ ಎಂದು ತೆರಿಗೆ ಹೊರತುಪಡಿಸಿ ನಿಗದಿಮಾಡಿತು. ನಂತರದ ವರ್ಷಗಳಲ್ಲಿ ಈ ದರ ಪರಿಷ್ಕೃತವಾಗುತ್ತಾ ಬಂದಿದೆ. ಸಾಧಾರಣ ಆಂಜಿಯೋಪ್ಲಾಸ್ಟಿಯ ಖರ್ಚಿನ ಮೇಲೆ ಇದು ದೊಡ್ಡ ಪರಿಣಾಮ ಬೀರಿತು. ದೀರ್ಘಕಾಲಿಕ ಅಡಚಣೆಯ ಲೆಕ್ಕ ಬೇರೆ. ಅಲ್ಲಿ ಹಲವು ತಂತಿಗಳು, ಸೂಕ್ಷ್ಮನಳಿಕೆಗಳು, ಬಲೂನ್‌ಗಳು ಬೇಕಾಗುತ್ತವೆ ಮತ್ತು 2017ರ ಆದೇಶದ ಬೆಲೆಮಿತಿಯಲ್ಲಿ ಸೇರಿದ್ದುದು ಸ್ಟೆಂಟ್‌ಗಳು ಮಾತ್ರ. ತಂತಿ ದಾಟದೆ ಪ್ರಯತ್ನ ವಿಫಲವಾದರೂ ಬಳಸಿದ ಸಲಕರಣೆಯ ಹಣ ತೆರಬೇಕಾಗುತ್ತದೆ. ಹೀಗಾಗಿ ಮೊದಲ ಪ್ರಯತ್ನಕ್ಕೆ ಮುನ್ನವೇ ಯಶಸ್ಸಿನ ಸಂಭವ, ಎರಡನೆಯ ಪ್ರಯತ್ನ ಬೇಕಾಗಬಹುದಾದ ಸಾಧ್ಯತೆ, ಆ ಕೇಂದ್ರದಲ್ಲಿ ಇಂಥ ಪ್ರಕರಣಗಳ ಅನುಭವ ಎಷ್ಟಿದೆ ಎಂಬುದನ್ನು ಕೇಳಿ ತಿಳಿಯುವುದು ರೋಗಿ ಮತ್ತು ಕುಟುಂಬದವರ ಹಕ್ಕು.